ಇಬ್ಬರು ಅತ್ತೆಯರ ಸೊಸೆ

ಸೇತುವೆಯ ಕೆಳಗೆ ಇಳಿಯುವ ಮೊದಲು ಅವಳು ಫೋನನ್ನು ತಗಡಿನ ಡಬ್ಬಿಗೆ ಹಾಕುತ್ತಾಳೆ. ಹಳೆಯ ಬಿಸ್ಕತ್ತಿನ ಡಬ್ಬಿ ಅದು. ಮುಚ್ಚಳದ ಮೇಲಿನ ಚಿತ್ರ ಕೈ ತಾಗಿ ತಾಗಿ ಅಳಿಸಿಹೋಗಿದೆ. ಕೆಳಗಿಳಿಯುವವರೆಲ್ಲರ ಫೋನೂ ಡಬ್ಬಿಯೊಳಗೆ, ಡಬ್ಬಿ ವ್ಯಾನಿನೊಳಗೆ, ವ್ಯಾನಿನ ಕೀಲಿ ಡ್ರೈವರನ ಜೇಬಿನೊಳಗೆ. ನದಿಗೆ ಬೀಳುವ ಫೋನುಗಳು ಹೆಚ್ಚಾದಾಗ ಮೇಸ್ತ್ರಿ ಮಾಡಿದ ಕಟ್ಟಳೆ ಇದು. ಫೋನು ಬಿದ್ದರೆ ಹೋಗಲಿ, ಅದನ್ನು ಹಿಡಿಯಲು ಹೋಗಿ ಮನುಷ್ಯ ಬಿದ್ದರೆ ಅವನ ಮನೆಯವರಿಗೆ ಮುಖ ತೋರಿಸುವುದು ಹೇಗೆ ಎಂಬುದು ಅವನ ವಾದ.

ಆಮೇಲೆ ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಕೊಕ್ಕೆ. ಕೊನೆಯಲ್ಲಿ ಸುತ್ತಿಗೆ. ಅಡುಗೆಮನೆಯಲ್ಲಿ ಬೆಲ್ಲ ಕುಟ್ಟುವ ಕಲ್ಲಿಗಿಂತ ದೊಡ್ಡದಲ್ಲ ಅದು. ಕಬ್ಬಿಣದ ಏಣಿಯಿಳಿದು, ಸೇತುವೆಯ ಹೊಟ್ಟೆಗೆ ಅಂಟಿಕೊಂಡಂತಿರುವ ಕಿರುದಾರಿಯಲ್ಲಿ ಬಗ್ಗಿ ನಡೆಯುತ್ತಾ, ಅವಳು ಉಕ್ಕಿನ ಪಟ್ಟಿಗಳನ್ನು ಹಿಡಿದಿಟ್ಟ ರಿವೆಟ್ಟುಗಳ ತಲೆಯ ಮೇಲೆ ಒಂದೊಂದಾಗಿ ತಟ್ಟುತ್ತಾಳೆ. ಬಿಗಿಯಾಗಿದ್ದರೆ ಸದ್ದು ತೆಳ್ಳಗೆ ಉದ್ದಕ್ಕೆ ಹೋಗುತ್ತದೆ. ಸಡಿಲವಾಗಿದ್ದರೆ ಅಲ್ಲೇ ಕುಳಿತುಬಿಡುತ್ತದೆ. ಕುಳಿತ ಸದ್ದಿಗೆ ಹಳದಿ ಸೀಮೆಸುಣ್ಣದ ಗೀಟು. ಕಚೇರಿಯ ಹಾಜರಿಯಲ್ಲಿ ಅವಳ ಹುದ್ದೆಗೆ ಉದ್ದದ ಹೆಸರಿದೆ. ಗ್ಯಾಂಗಿನವರಿಗೆ ಅವಳು ಸುತ್ತಿಗೆ ಅಕ್ಕ.

ಅವಳು ಓದಿದ್ದು ಸಿವಿಲ್ ಡಿಪ್ಲೊಮಾ. ಇಲಾಖೆಗೆ ಬಂದಾಗ ನಕ್ಷೆ ಬಿಡಿಸುವ ಮೇಜಿನ ಮುಂದೆ ಕೂರಿಸಿದರು. ಹೊಸ ಸೇತುವೆಗಳ ಕನಸಿನಲ್ಲಿ ಬಂದವಳಿಗೆ ಹಳೆಯವುಗಳ ತೇಪೆಯ ನಕ್ಷೆಗಳೇ ಸಿಕ್ಕವು. ತಾನು ಬಿಡಿಸುತ್ತಿದ್ದ ಸೇತುವೆಗಳನ್ನು ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಕೆಳಗಿಳಿದವಳು ಮತ್ತೆ ಮೇಜಿಗೆ ಮರಳಲಿಲ್ಲ. "ಕಟ್ಟೋರಿಗೆ ಉದ್ಘಾಟನೆ, ಕೆಡವೋರಿಗೆ ಟೆಂಡರು, ನಡುವೆ ನೋಡಿಕೊಳ್ಳೋರಿಗೆ ಪಾರಿವಾಳದ ಹಿಕ್ಕೆ" ಎಂದು ಮೊದಲ ದಿನವೇ ಮೇಸ್ತ್ರಿ ಎಚ್ಚರಿಸಿದ್ದ. ಅವಳು ನಕ್ಕು ತಲೆಗೆ ಹೆಲ್ಮೆಟ್ಟು ಏರಿಸಿದ್ದಳು.

ನದಿ ಆ ಮಹಾನಗರವನ್ನು ಎರಡಾಗಿ ಸೀಳಿದೆ. ಕಚೇರಿಗಳು, ದೊಡ್ಡಾಸ್ಪತ್ರೆ, ಅಂಗಡಿಬೀದಿಗಳು ಪೇಟೆ ದಡದಲ್ಲಿ. ಬಾಡಿಗೆ ಮನೆಗಳು, ಕಾರ್ಖಾನೆಗಳು, ಅವಳ ಮನೆ ಆಚೆ ದಡದಲ್ಲಿ. ಎರಡನ್ನೂ ಹೊಲಿದಿಟ್ಟ ಸೇತುವೆಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಟ್ಟಿದವು. ಹಾಗಾಗಿ ಒಂದೇ ಕಾಲದಲ್ಲಿ ಮುದಿಯಾದವು. ಎಲ್ಲವನ್ನೂ ಒಟ್ಟಿಗೆ ಮುಚ್ಚುವಂತಿಲ್ಲ. ಒಂದನ್ನು ಮುಚ್ಚಿದರೆ ಅದರ ಭಾರವೆಲ್ಲ ಪಕ್ಕದ್ದರ ಮೇಲೆ ಬೀಳುತ್ತದೆ. ಪಕ್ಕದ್ದು ತಡೆಯದಿದ್ದರೆ ಮೊದಲು ಅದಕ್ಕೆ ಶುಶ್ರೂಷೆ ಆಗಬೇಕು. ಯಾವುದರ ನಂತರ ಯಾವುದು ಎಂಬ ಈ ಏರ್ಪಾಟಿಗೆ ಇಲಾಖೆಯಲ್ಲಿ 'ಸರದಿ' ಎನ್ನುತ್ತಾರೆ. ಸರದಿಯನ್ನು ಠರಾಯಿಸುವುದು ಚೀಫ್ ಎಂಜಿನಿಯರ ಕೋಣೆಯಲ್ಲಿ. ಅಲ್ಲಿಗೆ ಹೋಗುವ ಮಾತುಗಳಲ್ಲಿ ಒಂದಷ್ಟು ಅವಳ ಸುತ್ತಿಗೆಯಿಂದ ಹೊರಡುತ್ತವೆ.

ಸರದಿಯಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿದ್ದು ಏಳನೇ ನಂಬರಿನ ಉಕ್ಕಿನ ಸೇತುವೆ. ಅವಳ ಮನೆಗೂ ಕಚೇರಿಗೂ ನಡುವೆ ಇದ್ದದ್ದೂ ಅದೇ.

ಅದಕ್ಕೆ ಹೆಸರು ಬಿದ್ದದ್ದು ಚಹಾದ ಹೊತ್ತಿನಲ್ಲಿ. ಕಂಬದ ಬುಡದ ಕಟ್ಟೆಯ ಮೇಲೆ ಕುಳಿತು ಅವಳು ಗೊಣಗುತ್ತಿದ್ದಳು. "ಇದಕ್ಕೆ ಎಷ್ಟು ಮಾಡಿದ್ರೂ ಸಾಲದು. ಬಣ್ಣ ಹಚ್ಚಿ ಮುಗಿಸೋಷ್ಟರಲ್ಲಿ ಕೀಲು ಹಿಡ್ಕೊಂಡಿರುತ್ತೆ. ಕೀಲಿಗೆ ಎಣ್ಣೆ ಬಿಟ್ಟು ಮೇಲೆ ಬಂದ್ರೆ ಇನ್ನೆಲ್ಲೋ ತುಕ್ಕು. ಒಂದು ದಿನ ಬರದಿದ್ರೆ ಮುನಿಸು ಬೇರೆ."

ಮೇಸ್ತ್ರಿ ಲೋಟ ಕೆಳಗಿಟ್ಟ. "ಅಕ್ಕ, ನೀವು ಹೇಳ್ತಿರೋದು ಸೇತುವೆ ವಿಷಯಾನಾ, ನಿಮ್ಮ ಅತ್ತೆ ವಿಷಯಾನಾ?"

ಎಲ್ಲರೂ ಗೊಳ್ಳೆಂದರು. ಅವಳೂ ನಕ್ಕಳು. ಅಂದಿನಿಂದ ಏಳನೇ ನಂಬರಿಗೆ ಅತ್ತೆಯೆಂದೇ ಹೆಸರು. ಅದರ ಪಕ್ಕದಲ್ಲಿ ಹೊಸ ಕಾಂಕ್ರೀಟು ಸೇತುವೆಯ ಕಂಬಗಳು ನೀರಿನಿಂದ ತಲೆಯೆತ್ತಿದಾಗ ಅದು ತಾನಾಗಿಯೇ ಸೊಸೆಯಾಯಿತು. ಸೊಸೆಗೆ ಏಕವಚನ. "ಸೊಸೆ ಇನ್ನೂ ಅರ್ಧ ದಾರಿಲಿದಾಳೆ" ಎನ್ನಬಹುದಿತ್ತು. ಅತ್ತೆಗೆ ಮಾತ್ರ ಕಡ್ಡಾಯವಾಗಿ ಬಹುವಚನ. "ಅತ್ತೆ ಇವತ್ತು ಬಿಸಿಲಿಗೆ ಹಿಗ್ಗಿದ್ದಾರೆ", "ಅತ್ತೆ ಲಾರಿ ಹೋದಾಗಲೆಲ್ಲ ನರಳ್ತಾರೆ". ಬಾಯಿತಪ್ಪಿ ಯಾರಾದರೂ "ಅತ್ತೆ ನರಳ್ತು" ಎಂದರೆ ಎಲ್ಲರಿಗೂ ಅವನೇ ಚಹಾ ಕುಡಿಸಬೇಕು. ಹಾಗೆ ಕುಡಿಸಿ ಕುಡಿಸಿ ಗ್ಯಾಂಗಿನ ನಾಲಿಗೆ ಪಳಗಿಹೋಯಿತು. ವ್ಯಾನಿನ ಡ್ರೈವರನಿಂದ ಹಿಡಿದು ಕಚೇರಿಯ ಗುಮಾಸ್ತನವರೆಗೆ ಎಲ್ಲರೂ ಆ ಸೇತುವೆಯ ಬಗ್ಗೆ ಹಿರಿಯರ ಬಗ್ಗೆ ಆಡುವಂತೆಯೇ ಆಡತೊಡಗಿದರು.

ಮನೆಯಲ್ಲಿದ್ದ ಅತ್ತೆಗೆ ಈ ಸಂಗತಿ ಮುಟ್ಟಿಸಿದವಳು ಅವಳೇ.

ಆ ಹೆಂಗಸು ಗಂಡ ತೀರಿಕೊಂಡ ಮೇಲೆ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ದುಡಿದು ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವಳು. ಅಂಗಡಿ ಪೇಟೆ ದಡದಲ್ಲಿ. ಹಾಗಾಗಿ ಆಯುಷ್ಯದ ಬಹುಪಾಲು ಏಳನೇ ನಂಬರಿನ ಮೇಲೆ ಬಸ್ಸಿನಲ್ಲಿ ಹೋಗಿ ಬಂದವಳು. ಹಿರಿಯ ಮಗ, ಅಂದರೆ ಸುತ್ತಿಗೆ ಅಕ್ಕನ ಗಂಡ, ನಗರದ ಬಸ್ ಡ್ರೈವರ್. ಕಿರಿಯವನಿಗೆ ಹಡಗಿನಲ್ಲಿ ಕೆಲಸ. ಅವನ ಹೆಂಡತಿ, ಸುತ್ತಿಗೆ ಅಕ್ಕನ ಓರಗಿತ್ತಿ, ಅದೇ ಮನೆಯ ಮಹಡಿಯ ಮೇಲಿದ್ದಳು.

ಸೇತುವೆಗೆ ತನ್ನ ಪದವಿ ಹೋಯಿತೆಂದು ಕೇಳಿ ಅತ್ತೆ ಹೊಲಿಯುತ್ತಿದ್ದ ಗುಂಡಿಯಿಂದ ತಲೆಯೆತ್ತಲಿಲ್ಲ. "ಪಾಪ, ಒಬ್ಬಳೇ ಸಾಲದೆ ಇನ್ನೊಬ್ಬಳನ್ನ ಕಟ್ಟಿಕೊಂಡೆಯಾ? ಅವಳ ಕಾಲಾದ್ರೂ ಒತ್ತುತೀಯೋ, ಅವಳಿಗೂ ನಾಳೆ ನಾಳೆ ಅಂತೀಯೋ?"

"ಅವರು ನಿಮ್ಮಷ್ಟು ಮಾತಾಡಲ್ಲ ಅತ್ತೆ."

"ಮಾತಾಡ್ತಾಳೆ. ನೀನು ಸುತ್ತಿಗೇಲಿ ಹೊಡೆದು ಹೊಡೆದು ಮಾತಾಡಿಸ್ತೀಯಂತಲ್ಲ. ನನಗೆ ಆ ಭಾಗ್ಯ ಇಲ್ಲ, ಅಷ್ಟೇ."

ಆ ದಿನದಿಂದ ಸಂಜೆ ಅವಳು ಬೂಟು ಕಳಚುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ದೊಡ್ಡವಳು ಹೇಗಿದ್ದಾಳೆ?" ತನಗಿಂತ ಸೇತುವೆಗೆ ವಯಸ್ಸು ಹೆಚ್ಚಾದ್ದರಿಂದ ಅದು ದೊಡ್ಡವಳು. ಗ್ಯಾಂಗಿನವರಂತೆ ಬಹುವಚನ ಕೊಡಲು ಅತ್ತೆ ಒಪ್ಪಲಿಲ್ಲ. ತನ್ನ ಓರಗೆಯವಳಿಗೆ ಎಂಥ ಬಹುವಚನ ಎನ್ನುತ್ತಿದ್ದಳು.

ಮೂರನೇ ಕಂಬದ ಕೆಳಗೆ ನದಿ ಮಣ್ಣನ್ನು ತಿನ್ನುತ್ತಿರುವುದು ಗೊತ್ತಾದದ್ದು ಅದಾದ ಮೇಲೆ. ಮುಳುಗುಗಾರರು ಇಳಿದು ನೋಡಿ ಬಂದರು. ಕಂಬ ನಿಂತಿದೆ, ಆದರೆ ನಂಬುವಂತಿಲ್ಲ ಎಂದರು. ಸುತ್ತಿಗೆ ಅಕ್ಕ ಬಸ್ಸು, ಲಾರಿ ನಿಲ್ಲಿಸಬೇಕೆಂದು ಶಿಫಾರಸು ಬರೆದಳು. ಎರಡೂ ತುದಿಗೆ ಕಬ್ಬಿಣದ ಕಮಾನು ಬಂತು. ಕಾರಿಗಿಂತ ಎತ್ತರದ್ದೇನೂ ಅದರಡಿ ನುಸುಳುವಂತಿರಲಿಲ್ಲ. ಗಂಡನ ಬಸ್ಸು ನದಿ ಹರಿದುಬರುವ ಮೇಲ್ಹೊಳೆಯ ಕಡೆಯ ಸೇತುವೆಯನ್ನು ಸುತ್ತಿಕೊಂಡು ಹೋಗತೊಡಗಿತು. ಪೇಟೆ ದಡದಲ್ಲಿದ್ದ ತಂಗಿಯ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದ ಅತ್ತೆಗೆ ದಾರಿ ಉದ್ದವಾಗಿ, ಕೊನೆಗೆ ಹೋಗುವುದೇ ನಿಂತಿತು.

"ಮಗನ ಕೈಲಿ ಬಸ್ಸು ಕೊಟ್ಟ ದೇವರು ಸೊಸೆ ಕೈಲಿ ಬೀಗ ಕೊಟ್ಟ" ಎಂದು ಅತ್ತೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದಳು, ಸೊಸೆಗೆ ಕೇಳುವ ಹಾಗೆ.

ಕೇಳಿ ಕೇಳಿ ಸಾಕಾಗಿ ಒಂದು ರಜೆಯ ದಿನ ಸೊಸೆ ಅವಳನ್ನು ಸೇತುವೆಗೆ ಕರೆದೊಯ್ದಳು. ನಡೆದೇ ದಾಟೋಣ, ಆಚೆ ತುದಿಯಲ್ಲಿ ತಂಗಿ ಬಂದು ನಿಂತಿರುತ್ತಾರೆ ಎಂದು ಏರ್ಪಾಟಾಗಿತ್ತು. ಬಣ್ಣದ ಕೆಲಸವಿದ್ದುದರಿಂದ ಗ್ಯಾಂಗಿನವರೂ ಅಲ್ಲಿದ್ದರು. ನಿಜವಾದ ಅತ್ತೆ ಬರುತ್ತಿರುವುದನ್ನು ಕಂಡು ಮೇಸ್ತ್ರಿ ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಯಾರಪ್ಪ ನನ್ನ ಹೆಸರನ್ನ ಈ ತುಕ್ಕಿಗೆ ಇಟ್ಟೋರು?"

"ಗೌರವದಿಂದಾನೇ ಇಟ್ಟಿದ್ದು ಅಮ್ಮಾ" ಎಂದು ಮೇಸ್ತ್ರಿ ತೊದಲಿದ.

"ಗೌರವ ಇದ್ದಿದ್ರೆ ಬಣ್ಣ ಸರಿಯಾಗಿ ಬಳೀತಿದ್ದೆ. ನೋಡು, ಕೆಳಗೆ ಸೋರಿದೆ."

ನಡುವೆ ಉಸಿರು ಸಿಕ್ಕಿಬಿದ್ದು ಅವಳು ಕಟಕಟೆ ಹಿಡಿದು ನಿಂತಳು. ಆಗಲೇ ಹೃದಯಕ್ಕೆ ಮಾತ್ರೆ ನಡೆಯುತ್ತಿತ್ತು. ಕಾರೊಂದು ಹೋದಾಗ ಕಾಲಡಿ ಸೇತುವೆ ಸಣ್ಣಗೆ ಅದುರಿತು. "ಇವಳಿಗೂ ಮೊಣಕಾಲೇನು?" ಎಂದು ಕೇಳಿದಳು. ಹೌದು, ಕಂಬದ ಮೇಲೆ ಸೇತುವೆ ಕೂರುವ ಜಾಗ ಹಿಡಿದುಕೊಂಡಿದೆ, ನಮ್ಮ ಮೊಣಕಾಲಿನಂತೆಯೇ ಎಂದಳು ಸೊಸೆ. ಅತ್ತೆ ಕಟಕಟೆಯನ್ನು ಮೆಲ್ಲನೆ ತಟ್ಟಿದಳು. ಆಮೇಲೆ ನೀರಿನ ಕಡೆ ನೋಡುತ್ತಾ, ನಗದೆ, ಒಂದು ಮಾತು ಕೇಳಿದಳು.

"ನಾನು ಹೋಗುವಾಗ ನೀನು ಹತ್ತಿರ ಇರಬೇಕು. ಮಗ ಬಸ್ಸಲ್ಲಿರ್ತಾನೆ, ಕರೆದ್ರೆ ಬರೋಕಾಗಲ್ಲ. ಚಿಕ್ಕವಳು ಅತ್ತು ರಂಪ ಮಾಡ್ತಾಳೆ. ನೀನಾದ್ರೆ ಅಳಲ್ಲ. ತಟ್ಟಿ ನೋಡಿ, ಆಯ್ತೋ ಇಲ್ವೋ ಹೇಳ್ತೀಯ."

"ಇರ್ತೀನಿ ಅತ್ತೆ."

"ನೋಡು, ನಾಳೆ ಬಾ ಅನ್ನೋಕಾಗಲ್ಲ ಅದಕ್ಕೆ."

"ಇರ್ತೀನಿ ಅಂದ್ನಲ್ಲ."

ಆಚೆ ತುದಿಯಲ್ಲಿ ತಂಗಿ ಕೈ ಬೀಸುತ್ತಿದ್ದಳು. ಅತ್ತೆ ಹೆಜ್ಜೆ ಹಾಕಿದಳು.

ಅದು ನಡೆದ ದಿನ ಸುತ್ತಿಗೆ ಅಕ್ಕ ಇದ್ದದ್ದು ಮೇಲ್ಹೊಳೆಯ ಸೇತುವೆಯ ಕೆಳಗೆ. ಏಳನೇ ನಂಬರನ್ನು ಮುಚ್ಚಿದರೆ ಅದರ ವಾಹನಗಳೆಲ್ಲ ಇಲ್ಲಿಗೆ ಬರುತ್ತವೆ. ಇದು ತಡೆಯುತ್ತದೆಯೇ ಎಂದು ನೋಡಬೇಕಿತ್ತು. ಫೋನು ಎಂದಿನಂತೆ ಡಬ್ಬಿಯಲ್ಲಿತ್ತು. ಡ್ರೈವರ್ ಹೊರಗೆ ಕಟಕಟೆಗೆ ಒರಗಿ ನಿಂತಿದ್ದ.

ಆಚೆ ದಡದ ಮನೆಯಲ್ಲಿ ಅತ್ತೆ ಹಾಲಿನ ಪಾತ್ರೆ ಇಳಿಸುತ್ತಾ ನೆಲಕ್ಕೆ ಬಿದ್ದಳು. ಸದ್ದು ಕೇಳಿ ಓರಗಿತ್ತಿ ಮಹಡಿಯಿಂದ ಓಡಿ ಬಂದಳು. ಭಾವನಿಗೆ ಫೋನು ಹಚ್ಚಿದಳು; ಬಸ್ಸು ಓಡಿಸುವಾಗ ಅವನ ಫೋನು ಬಂದಾಗಿರುತ್ತದೆ. ಅಕ್ಕನಿಗೆ ಹಚ್ಚಿದಳು, ಅದು ಡಬ್ಬಿಯೊಳಗೆ ಅದುರಿ ಅದುರಿ ಸುಮ್ಮನಾಯಿತು. ಆಂಬುಲೆನ್ಸಿಗೆ ಹಚ್ಚಿದಳು, ಕಮಾನಿನಡಿ ನುಸುಳಲಾಗದ್ದರಿಂದ ಸುತ್ತಿ ಬರಬೇಕು, ತಡವಾಗುತ್ತದೆ ಎಂದರು. ಪಕ್ಕದ ಮನೆಯ ಕ್ಷೌರಿಕ ಅಂಗಡಿ ಬಾಗಿಲು ಹಾಕಿ ತನ್ನ ಕಾರು ತಂದ. ಅತ್ತೆಯನ್ನು ಹಿಂದಿನ ಸೀಟಿಗೆ ಏರಿಸುತ್ತಲೇ ಓರಗಿತ್ತಿ ಕೊನೆಯದಾಗಿ ಸೇತುವೆ ಕಚೇರಿಗೆ ಫೋನು ಮಾಡಿದಳು. ಗುಮಾಸ್ತ ಎತ್ತಿಕೊಂಡ.

"ಅಕ್ಕಂಗೆ ಹೇಳಿ. ಅತ್ತೆ ಕುಸಿದುಬಿಟ್ಟಿದ್ದಾರೆ. ತಕ್ಷಣ ಬರಬೇಕು" ಎಂದು ಹೇಳಿ ಇಟ್ಟುಬಿಟ್ಟಳು.

ಗುಮಾಸ್ತ ಬಿಳಿಚಿಕೊಂಡ. ಅವನ ಕಿವಿಗೆ ಬಿದ್ದದ್ದು ಮೂರನೇ ಕಂಬ. ನದಿ ದಡದ ಯಾವಳೋ ಹೆಂಗಸು ಕಂಡು ಹೇಳಿದ್ದಾಳೆ, ಗ್ಯಾಂಗಿನ ಪರಿಚಯದವಳಿರಬೇಕು ಎಂದುಕೊಂಡ. ಅವನು ಡ್ರೈವರನ ಫೋನಿಗೆ ಕರೆ ಮಾಡಿ ಹೇಳಿದ. ಡ್ರೈವರ್ ಕಟಕಟೆಯಿಂದ ಅರ್ಧ ಮೈ ಹೊರಚಾಚಿ ಕೆಳಗೆ ಕೂಗಿದ. ಒಂದು 'ಅಂತೆ' ಸೇರಿದ್ದು ಬಿಟ್ಟರೆ ದಾರಿಯುದ್ದಕ್ಕೂ ಮಾತಿನ ಒಂದಕ್ಷರವೂ ಬದಲಾಗಲಿಲ್ಲ. ಬಹುವಚನವೂ ಸರಿಯಾಗಿಯೇ ಇತ್ತು.

"ಅಕ್ಕಾ! ಅತ್ತೆ ಕುಸಿದುಬಿಟ್ಟಿದ್ದಾರಂತೆ! ತಕ್ಷಣ ಬರಬೇಕಂತೆ!"

ಅವಳು ಕೊಕ್ಕೆ ಕಳಚಿ ಏಣಿ ಹತ್ತಿದಳು. ಇಂಥ ಕರೆಗೆಂದೇ ಅವಳು ತಿಂಗಳುಗಟ್ಟಲೆ ಮನಸ್ಸಿನಲ್ಲಿ ತಾಲೀಮು ಮಾಡಿಕೊಂಡಿದ್ದಳು. ಕುಸಿತದ ಸುದ್ದಿ ಬಂದರೆ ಮೊದಲು ಎರಡೂ ತುದಿಯಲ್ಲಿ ವಾಹನ ನಿಲ್ಲಿಸಬೇಕು, ಪ್ರಶ್ನೆ ಆಮೇಲೆ. ವ್ಯಾನು ಹತ್ತುತ್ತಲೇ ಅವಳು ವೈರ್‌ಲೆಸ್ಸಿನಲ್ಲಿ ಪೊಲೀಸರಿಗೆ ಹೇಳಿದಳು: ಏಳನೇ ನಂಬರು ಬಂದ್ ಮಾಡಿ, ಮೇಲಿರುವವರನ್ನೆಲ್ಲ ಇಳಿಸಿ, ಒಂದು ಸೈಕಲ್ಲೂ ಒಳಗೆ ಹೋಗಬಾರದು. ಅವಳ ಹಿಂದಿನ ಸೀಟಿನಡಿ ಡಬ್ಬಿಯಲ್ಲಿ ಫೋನು ಮತ್ತೆ ಅದುರುತ್ತಿತ್ತು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಪೇಟೆ ದಡದ ತುದಿಯಲ್ಲಿ ಮೇಸ್ತ್ರಿ ದೋಣಿ ಇಳಿಸಿಟ್ಟಿದ್ದ. ಸೇತುವೆ ನೋಡುವ ಕಣ್ಣಿಗೆ ನೆಟ್ಟಗಿತ್ತು. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಕಂಬ ಕುಸಿಯುವುದು ಕಣ್ಣಿಗೆ ಕಾಣದಷ್ಟರಿಂದಲೇ ಶುರುವಾಗುತ್ತದೆ. ಮೂರನೇ ಕಂಬದ ಸುತ್ತ ದೋಣಿ ಒಂದು ಸುತ್ತು ಬಂತು. ಅವಳು ಕಂಬದ ಮೇಲೆ ಕೂರಿಸಿದ್ದ ಅಳತೆಪಟ್ಟಿ ನೋಡಿದಳು. ಇನ್ನೊಮ್ಮೆ ನೋಡಿದಳು. ಮೇಲೆ ಹತ್ತಿ ಕೀಲುಗಳನ್ನು ತಟ್ಟಿದಳು.

"ಏನೂ ಆಗಿಲ್ವಲ್ಲ ಅಕ್ಕ" ಎಂದ ಮೇಸ್ತ್ರಿ.

"ಸುಮ್ಮನೆ ಯಾರು ಹೇಳ್ತಾರೆ? ಆ ಕಡೆ ಕಂಬಾನೂ ನೋಡಿಬಿಡೋಣ. ನೋಡದೆ ಬಿಡೋದು ಬೇಡ."

ನೋಡದೆ ಬಿಡುವ ಅಭ್ಯಾಸ ಅವಳಿಗಿರಲಿಲ್ಲ. ನಾಲ್ಕನೇ ಕಂಬವನ್ನೂ ನೋಡಿದಳು. ಐದನೆಯದರ ಬಳಿ ಇದ್ದಾಗ ಮೇಲಿನಿಂದ ಪೊಲೀಸಿನವನೊಬ್ಬ ಬಗ್ಗಿ ಕೂಗಿದ.

"ಮೇಡಂ! ನಿಮ್ಮ ಅತ್ತೆ ಕಾರಲ್ಲಿದಾರಂತೆ! ಆಚೆ ತುದಿ ಕ್ಯೂನಲ್ಲಿ! ಬಿಡಬೇಕಾ, ಹೇಗೆ?"

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಅವಳು ಕಂಬವನ್ನು ನೋಡಿದಳು. ಕಂಬ ತನ್ನ ಜಾಗದಲ್ಲಿತ್ತು. ಮೇಸ್ತ್ರಿಯ ಮುಖ ಬಣ್ಣಗೆಟ್ಟದ್ದನ್ನು ಕಂಡ ಮೇಲೆ ಅವಳಿಗೆ ತಿಳಿಯಿತು.

"ಬಿಡಿ! ಬಿಟ್ಟುಬಿಡಿ!" ಎಂದು ಅರಚಿ ಏಣಿ ಹತ್ತಿದಳು. ಖಾಲಿ ಸೇತುವೆಯ ಮೇಲೆ, ಸೊಂಟದ ಸುತ್ತಿಗೆ ತೊಡೆಗೆ ಬಡಿಯುತ್ತಾ, ಆಚೆ ತುದಿಗೆ ಓಡಿದಳು. ಬೂಟಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ಸೇತುವೆ ಹಗಲಿನಲ್ಲಿ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಕ್ಷೌರಿಕನ ಕಾರು ಸಾಲಿನ ನಡುವೆ ಸಿಕ್ಕಿಕೊಂಡಿತ್ತು. ಹಿಂದೆ ಹೋಗಲು ಜಾಗವಿರಲಿಲ್ಲ, ಮುಂದೆ ಹೋಗಲು ಅಪ್ಪಣೆಯಿರಲಿಲ್ಲ. ಅವನೇ ಇಳಿದು ಓಡಿ ಪೊಲೀಸಿನವನ ಕಾಲು ಹಿಡಿದಿದ್ದ. ಬಿಡಿ ಎಂಬ ಮಾತು ಬರುವಷ್ಟರಲ್ಲಿ ಬಿಡಬೇಕಾದ ತುರ್ತು ಮುಗಿದಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಓರಗಿತ್ತಿಯ ತೊಡೆಯ ಮೇಲೆ ಅತ್ತೆಯ ತಲೆ.

ಅವಳು ಮಂಡಿಯೂರಿ ಅತ್ತೆಯ ಭುಜವನ್ನು ಬೆರಳಿನಿಂದ ತಟ್ಟಿದಳು. ಮತ್ತೆ ತಟ್ಟಿದಳು.

ಓರಗಿತ್ತಿ ಅಳುತ್ತಿರಲಿಲ್ಲ. ರಂಪ ಮಾಡುತ್ತಾಳೆಂದು ಅತ್ತೆ ಹೇಳುತ್ತಿದ್ದ ಹುಡುಗಿ ಕಲ್ಲಿನಂತೆ ಕುಳಿತಿದ್ದಳು. "ನಾನು ಅತ್ತೆ ಅಂದೆ ಅಕ್ಕ" ಎಂದಳು. "ಯಾವ ಅತ್ತೆ ಅಂತ ಬೇರೆ ಹೇಳ್ಬೇಕಿತ್ತಾ?"

ಆಸ್ಪತ್ರೆಯ ವೈದ್ಯರು ಸಭ್ಯರು. "ದಾರಿ ಬಿಟ್ಟಿದ್ರೂ ಬಹುಶಃ..." ಎಂದು ಹೇಳಿ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಆ ಬಹುಶಃ ಎಂಬ ಮಾತನ್ನು ಅವಳು ಮನೆಗೆ ಹೊತ್ತು ತಂದಳು. ಪಾಳಿ ಮುಗಿಸಿ ಬಸ್ಸು ನಿಲ್ಲಿಸಿ ಬಂದ ಗಂಡ ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಅವನು ತಾಯಿಯ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದ, ಸೂಜಿಗಳನ್ನು ಡಬ್ಬಿಗೆ ಎತ್ತಿಟ್ಟ, ಮಾರನೆಯ ವಾರ ಡ್ಯೂಟಿಗೆ ಹೋದ. ಉಪ್ಪು ಕೊಡು, ಬಾಗಿಲು ಹಾಕು ಎಂಬುದರಾಚೆ ಅವರ ನಡುವೆ ಮಾತಿರಲಿಲ್ಲ. ಓರಗಿತ್ತಿಯಂತೂ ಮಹಡಿಯ ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಯಾರೋ ಹೊರಗಿನವರಿಗೆ ಬಿಡುವಂತೆ.

ಅವಳು ಕೆಲಸಕ್ಕೆ ಮರಳಿದ ದಿನ ಗ್ಯಾಂಗಿನವರು ತಲೆ ತಗ್ಗಿಸಿ ನಿಂತಿದ್ದರು. ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದ. "ಅಕ್ಕ, ಏಳನೇ ನಂಬರಿನ..." ಎಂದವನು ಮಾತು ಬಿಟ್ಟು ಅವಳ ಸುತ್ತಿಗೆ ತಂದುಕೊಟ್ಟ. ಅವಳಿಗೆ ಗೊತ್ತಾಯಿತು. ಆ ಹೆಸರನ್ನು ಅವರು ಎತ್ತಿಟ್ಟಿದ್ದರು. ಯಾರೂ ಮಾತಾಡಿಕೊಂಡು ಮಾಡಿದ ಕಟ್ಟಳೆಯಲ್ಲ ಅದು. ಸೊಸೆ ಎಂಬ ಮಾತೂ ಅದರ ಜತೆಗೇ ಹೋಯಿತು. ಪಕ್ಕದ ಕಾಂಕ್ರೀಟು ಈಗ ಬರೀ 'ಹೊಸದು'. ಒಮ್ಮೆ ಮಾತ್ರ, ಬಿಸಿಲಿಗೆ ಉಕ್ಕು ಕಿರುಗುಟ್ಟಿದಾಗ, ಬಣ್ಣದವನೊಬ್ಬ ಅಭ್ಯಾಸಬಲದಿಂದ "ಇವತ್ತು ನರಳ್ತಿದಾರೆ" ಎಂದುಬಿಟ್ಟ. ಯಾರೂ ನಗಲಿಲ್ಲ. ಬಹುವಚನ ಮಾತ್ರ ಉಳಿದುಕೊಂಡಿತ್ತು, ಹೆಸರಿಲ್ಲದೆ.

ಗುಮಾಸ್ತ ಒಂದು ಮಧ್ಯಾಹ್ನ ಅವಳ ಮೇಜಿನ ಬಳಿ ಬಂದು ನಿಂತ. ಕೈಯಲ್ಲಿ ಫೈಲೂ ಇರಲಿಲ್ಲ, ಏನೂ ಇರಲಿಲ್ಲ.

"ನಾನು ಅವತ್ತು ಫೋನಲ್ಲಿ ಒಂದು ಮಾತು ಕೇಳ್ಬೇಕಿತ್ತು ಮೇಡಂ. ಯಾರಮ್ಮ ನೀವು ಅಂತ."

"ಕೇಳಿದ್ರೆ ಅವಳು ಹೇಳ್ತಿದ್ಲು. ಕೂತ್ಕೊಳ್ಳಿ" ಎಂದಳು ಅವಳು. ಅವನು ಕೂರಲಿಲ್ಲ.

ಸರದಿಯ ಕೊನೆಯ ಸಭೆ ಚೀಫ್ ಎಂಜಿನಿಯರ ಕೋಣೆಯಲ್ಲಿ ನಡೆಯಿತು. ಗೋಡೆಯ ಮೇಲೆ ನದಿಯ ನಕ್ಷೆ, ಸೇತುವೆಗಳ ಜಾಗದಲ್ಲಿ ಬಣ್ಣದ ಗುಂಡುಸೂಜಿಗಳು. ಮೂರನೇ ಕಂಬ ಮುಂದಿನ ನೆರೆಯನ್ನು ತಡೆಯುವುದಿಲ್ಲ. ಹೊಸದು ಪೂರ್ತಿಯಾಗುವವರೆಗೆ ಕಾಯದೆ ಹಳೆಯದನ್ನು ಮುಚ್ಚಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಮುಚ್ಚಿದರೆ ಊರು ಹೇಗೆ ತಡೆದುಕೊಳ್ಳುತ್ತದೆ ಎಂಬುದೇ ಪ್ರಶ್ನೆ. ಸಂಚಾರ ವಿಭಾಗದ ಯುವ ಅಧಿಕಾರಿ ಉತ್ಸಾಹದಿಂದ ಎದ್ದು, ಅದಕ್ಕೆ ನಮ್ಮಲ್ಲಿ ಒಳ್ಳೆಯ ಮಾಹಿತಿ ಇದೆ ಎಂದ. ಇತ್ತೀಚೆಗೆ ಒಂದು ದಿನ ತಪ್ಪು ಸುದ್ದಿಯಿಂದ ಸೇತುವೆ ಬಂದಾಗಿತ್ತಲ್ಲ, ಅಂದು ಸಾಲು ಎಲ್ಲಿಯವರೆಗೆ ಬೆಳೆಯಿತು, ಎಷ್ಟು ಬೇಗ ಕರಗಿತು, ಎಲ್ಲ ದಾಖಲಾಗಿದೆ. ಪರದೆಯ ಮೇಲೆ ಆಚೆ ತುದಿಯ ರಸ್ತೆಯ ಚಿತ್ರ ಬಂತು. ಮೇಲಿನಿಂದ ತೆಗೆದದ್ದು. ಕಾರುಗಳು ಬೆಂಕಿಕಡ್ಡಿಗಳಂತೆ ಕಾಣುತ್ತಿದ್ದವು.

ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಚೀಫ್ ನೆಲ ನೋಡಿದರು.

ಸುತ್ತಿಗೆ ಅಕ್ಕ ಚಿತ್ರದಲ್ಲಿ ಕ್ಷೌರಿಕನ ಕಾರನ್ನು ಹುಡುಕಿದಳು. ಸಿಗಲಿಲ್ಲ. ಆಮೇಲೆ, ಸಭೆಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸುವವಳು, ಕೇಳದೆಯೇ ಮಾತಾಡಿದಳು. "ಮುಚ್ಚೋ ದಿನದಿಂದ ಆಚೆ ದಡದಲ್ಲಿ ಒಂದು ಆಂಬುಲೆನ್ಸ್ ನಿಂತಿರಬೇಕು ಸಾರ್. ಒಬ್ಬ ಡಾಕ್ಟರೂ ಇರಬೇಕು. ಅದಿಲ್ಲದೆ ನಾನು ಮುಚ್ಚಬಹುದು ಅಂತ ಸಹಿ ಹಾಕಲ್ಲ."

"ಅದು ನಮ್ಮ ಇಲಾಖೆ ವ್ಯಾಪ್ತಿಗೆ ಬರಲ್ಲ" ಎಂದರು ಯಾರೋ.

"ಸಹಿ ನನ್ನ ವ್ಯಾಪ್ತಿಗೆ ಬರುತ್ತೆ."

ಚೀಫ್ ಆ ಸಂಜೆಯೇ ಆರೋಗ್ಯ ಇಲಾಖೆಗೆ ಫೋನು ಮಾಡಿದರು. ಡಾಕ್ಟರು ಸಿಗಲಿಲ್ಲ, ನರ್ಸು ಸಿಕ್ಕಳು. ಆಂಬುಲೆನ್ಸು ಸಿಕ್ಕಿತು. ಅವಳು ಸಹಿ ಹಾಕಿದಳು.

ಮನೆಗೆ ಬಂದು ಬೂಟು ಕಳಚುವಾಗ ಒಳಗಿನಿಂದ ಪ್ರಶ್ನೆ ಬರಲಿಲ್ಲ. ಅಷ್ಟು ದಿನವಾದರೂ ಬೂಟಿನ ದಾರ ಬಿಚ್ಚುವಾಗ ಅವಳ ಕಿವಿ ಒಂದು ಗಳಿಗೆ ಕಾಯುತ್ತಿತ್ತು. ಮೆಟ್ಟಿಲ ಮೇಲೆ ಓರಗಿತ್ತಿ ಕುಳಿತಿದ್ದಳು. ಈ ಸಲ ಗೋಡೆಗೆ ಸರಿಯಲಿಲ್ಲ.

"ಮುಚ್ಚುತಾರಂತೆ?"

"ಹೂಂ. ಸೋಮವಾರ."

"ಆಂಬುಲೆನ್ಸ್ ಕೇಳಿದೆಯಂತೆ. ಕ್ಷೌರಿಕ ಹೇಳ್ತಿದ್ದ, ಅಂಗಡಿಗೆ ಯಾರೋ ಬಂದೋರು ಮಾತಾಡಿಕೊಂಡ್ರಂತೆ."

ಅವಳು ತಲೆಯಾಡಿಸಿದಳು.

"ನಿನಗೆ ಒಂದು ಮಾತು ಹೇಳಿಲ್ಲ ಅಕ್ಕ. ಸಿಟ್ಟಿತ್ತು, ಹೇಳಲಿಲ್ಲ. ಕಾರಲ್ಲಿ ಅವರಿಗೆ ಒಂದು ಸಲ ಎಚ್ಚರ ಆಯ್ತು. ಬಂದಳಾ ಅಂತ ಕೇಳಿದ್ರು. ಯಾರು ಅಂತ ನಾನು ಕೇಳಲಿಲ್ಲ, ಗೊತ್ತಿತ್ತಲ್ಲ. ಅಷ್ಟರಲ್ಲಿ ಪೊಲೀಸಿನೋನು ಅಂದಿದ್ದ, ಸುತ್ತಿಗೆ ಮೇಡಂ ಬಂದು ಸೇತುವೆ ನೋಡ್ತಿದಾರೆ ಅಂತ. ನಾನು ಅವರಿಗೆ ಹೇಳ್ದೆ, ಸೇತುವೆ ಮೇಲಿದಾಳೆ ಅತ್ತೆ, ಬರ್ತಿದಾಳೆ ಅಂತ."

"ಅದಕ್ಕೆ?"

"ಅದಕ್ಕೆ, 'ಸೇತುವೆ ಮೇಲಾ? ಹಾಗಾದ್ರೆ ಬಂದ ಹಾಗೇ' ಅಂದ್ರು. ಅಷ್ಟೇ. ಆಮೇಲೆ ಮಾತಿಲ್ಲ."

ಸುತ್ತಿಗೆ ಅಕ್ಕ ಮೆಟ್ಟಿಲ ಮೇಲೆ ಕುಳಿತಳು. ಬಂದ ಹಾಗೇ. ಸೇತುವೆಯವರೆಗೆ ಬಂದಿದ್ದಾಳೆಂದರೆ ಮನೆಗೇ ಬಂದಂತೆ, ಇನ್ನು ಚಿಂತೆಯಿಲ್ಲ ಎಂದು ಹೇಳುವಾಗಲೂ ಜನ ಹಾಗೆಯೇ ಅನ್ನುತ್ತಾರೆ. ಇನ್ನು ಇವಳು ಬಂದಳು ಬಿಡು, ಆ ದೊಡ್ಡವಳ ಹತ್ತಿರ ಹೋದಮೇಲೆ ಎಲ್ಲಿ ಬರುತ್ತಾಳೆ ಎಂದು ಮೂದಲಿಸುವಾಗಲೂ ಹಾಗೆಯೇ ಅನ್ನುತ್ತಾರೆ. ಅಕ್ಷರ ಅವೇ.

"ಹೇಗೆ ಅಂದ್ರು? ಹೇಳಿ ತೋರಿಸು."

ಓರಗಿತ್ತಿ ಒಂದು ಸಲ ಅಂದಳು. "ಹಾಗಾದ್ರೆ ಬಂದ ಹಾಗೇ." ತಲೆಯಲ್ಲಾಡಿಸಿದಳು. ಹೀಗಲ್ಲ. ಇನ್ನೊಂದು ಸಲ ಕೊನೆಯಲ್ಲಿ ಎಳೆದು ಅಂದಳು. "ಬಂದ ಹಾಗೇ..." ಅದೂ ಅಲ್ಲ. ಮೂರನೆಯ ಸಲ ಬಾಯಿ ತೆರೆದವಳು ಅತ್ತುಬಿಟ್ಟಳು. "ಗೊತ್ತಾಗ್ತಿಲ್ಲ ಅಕ್ಕ. ಅವತ್ತು ಗೊತ್ತಿತ್ತು. ಎಷ್ಟು ಸಲ ಮನಸ್ಸಲ್ಲಿ ಅಂದುಕೊಂಡೆ ಅಂದ್ರೆ, ಈಗ ಎಲ್ಲಾ ಒಂದೇ ಥರ ಕೇಳುತ್ತೆ."

"ನಗ್ತಿದ್ರಾ?"

"ಅವರು ಯಾವಾಗ ನಗ್ತಿದ್ರು, ಯಾವಾಗ ಇಲ್ಲ ಅಂತ ನಮಗೆ ಯಾವತ್ತು ಗೊತ್ತಾಗಿದೆ?"

ಅದು ನಿಜವಾಗಿತ್ತು. ಇಬ್ಬರು ಸೊಸೆಯಂದಿರೂ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕುಳಿತಿದ್ದರು. ಒಳಗೆ ಹೋಗುವ ಮುನ್ನ ಓರಗಿತ್ತಿ ಅವಳ ಬೂಟುಗಳನ್ನು ಎತ್ತಿ ಬಾಗಿಲ ಬದಿಗಿಟ್ಟಳು.

ಭಾನುವಾರ ಅವಳು ಏಳನೇ ನಂಬರಿನ ಕೊನೆಯ ತಪಾಸಣೆ ಮಾಡಿದಳು. ನಾಳೆ ಮುಚ್ಚುವ ಸೇತುವೆಗೆ ತಪಾಸಣೆ ಏಕೆ ಎಂದು ಮೇಸ್ತ್ರಿ ಕೇಳಲಿಲ್ಲ, ದೋಣಿ ಇಳಿಸಿಕೊಟ್ಟ. ಡಬ್ಬಿಗೆ ಫೋನು ಹಾಕಲು ಹೋದಾಗ ಡ್ರೈವರ್ ಡಬ್ಬಿಯನ್ನು ತಾನೇ ಹಿಡಿದುಕೊಂಡ. ಆ ತಪ್ಪು ಸುದ್ದಿಯ ದಿನದಿಂದ ಅವನು ಅದನ್ನು ವ್ಯಾನಿನೊಳಗಿಡುವುದಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಕಟಕಟೆಯ ಬಳಿ ನಿಲ್ಲುತ್ತಾನೆ. ಯಾವ ಫೋನು ಅದುರಿದರೂ ಯಾರದೆಂದು ಹೆಸರು ಕರೆದು ಕೂಗುತ್ತಾನೆ.

ಅವಳು ಈ ತುದಿಯಿಂದ ಆ ತುದಿಯವರೆಗೆ ತಟ್ಟುತ್ತಾ ಹೋದಳು. ಸೀಮೆಸುಣ್ಣ ತೆಗೆಯಲಿಲ್ಲ. ನಡುವೆ, ಅತ್ತೆ ಕಟಕಟೆ ಹಿಡಿದು ನಿಂತಿದ್ದ ಜಾಗದ ಕೆಳಗೆ, ಸ್ವಲ್ಪ ಹೊತ್ತು ನಿಂತಳು. ಮೇಲೆ ಕಾರುಗಳು ಹೋಗುತ್ತಿದ್ದವು. ಸೇತುವೆ ನರಳುತ್ತಿತ್ತು.

ಆ ಸಂಜೆ ಗಂಡ ಅವಳ ತಟ್ಟೆಯ ಬದಿಗೆ ನೀರಿನ ಲೋಟ ಇಡುತ್ತಾ ಕೇಳಿದ. "ನಾಳೆಯಿಂದ ಹೇಗೆ ಹೋಗ್ತೀಯ?"

"ಸುತ್ತಿಕೊಂಡೇ ಹೋಗ್ಬೇಕಲ್ಲ."

"ನಂದು ಬೆಳಿಗ್ಗೆ ಮೊದಲ ಟ್ರಿಪ್ಪು. ಬಾಗಿಲ ಹತ್ತಿರದ ಸೀಟು ಇಟ್ಟಿರ್ತೀನಿ." ಅವನು ಲೋಟವನ್ನು ಇನ್ನಷ್ಟು ಹತ್ತಿರ ಸರಿಸಿದ. "ಅಮ್ಮ ಕೂರ್ತಿದ್ದ ಸೀಟು."

ಸೋಮವಾರ ಬೆಳಿಗ್ಗೆ ಏಳನೇ ನಂಬರಿನ ಎರಡೂ ತುದಿಗೆ ತಡೆಗೋಡೆ ಬೀಳುತ್ತದೆ. ಬಸ್ಸು ಮೇಲ್ಹೊಳೆಯ ಸೇತುವೆಯ ಮೇಲೆ ಸುತ್ತಿಕೊಂಡು ಹೋಗುತ್ತದೆ. ಹೊಸ ಸೇತುವೆ ಮುಗಿಯುವವರೆಗೂ ಅವಳು ಕೆಲಸಕ್ಕೆ ಹೋಗುವುದು ಅದರಲ್ಲೇ.